ಕಪ್ತಾನ ಸ್ಟ್ಯಾನಿಸ್ಲಾಸನ ನಡುಹೊಳೆಯ ಹಬ್ಬ

ಹೊಳೆಗೆ ಎರಡು ದಂಡೆ ಇರುವುದು ಎಲ್ಲರಿಗೂ ಗೊತ್ತು. ಅವೆರಡರ ನಡುವೆ, ನೀರಿನ ಮೇಲೆ, ಒಬ್ಬ ಮನುಷ್ಯ ಹಬ್ಬದ ದಿವಸ ಕರಿ ಕೋಟು ಹಾಕಿಕೊಂಡು ಮಧ್ಯಾಹ್ನವಿಡೀ ಹೊಟ್ಟೆಗಿಲ್ಲದೆ ಕೂತಿದ್ದನೆಂಬುದು ಮಾತ್ರ ನಮ್ಮ ಕಡೆಯವರಿಗಷ್ಟೇ ಗೊತ್ತಿರುವ ಸಂಗತಿ. ಅವರೂ ಅದನ್ನು ತಪ್ಪಾಗಿಯೇ ಹೇಳುತ್ತಾರೆ. ಸೇತುವೆಗಾಗಿ ಕೂತ ಎನ್ನುತ್ತಾರೆ. ಸೇತುವೆಯ ನೆನಪೇ ಅವನಿಗೆ ಇರಲಿಲ್ಲ ಎಂಬುದನ್ನು ಹೇಳುವವರು ಯಾರೂ ಇಲ್ಲದ್ದರಿಂದ, ಇಲ್ಲಿ ಹೇಳಬೇಕಾಗಿದೆ.

ಕಾಪುವಿನ ದೀಪಸ್ತಂಭಕ್ಕೆ ಬೆನ್ನು ಹಾಕಿ ಉತ್ತರಕ್ಕೆ ನಡೆದರೆ ಎಡಕ್ಕೆ ಕಡಲು, ಬಲಕ್ಕೆ ಹೊಳೆ, ನಡುವೆ ಸೆರಗು ಹಾಸಿದಷ್ಟು ಅಗಲದ ಮರಳು ನೆಲ. ಅದು ಪಡುದಂಡೆ. ಹೊಳೆಯ ಆಚೆಯದು ಮೂಡುದಂಡೆ. ಬಸ್ಸು, ಪೋಸ್ಟಾಫೀಸು, ಡಾಕ್ಟರು, ಸರಕಾರ, ಎಲ್ಲವೂ ಮೂಡುದಂಡೆಯ ಕಡೆಗೆ. ಪಡುದಂಡೆಯ ಪಾಲಿಗೆ ಬಂದದ್ದು ಕಡಲು ಮತ್ತು ಗಾಳಿ. ಆಚೆ ಹೋಗಬೇಕೆಂದರೆ ಶೀನನ ದೋಣಿ. ಅವನ ಹಳೆಯ ದೊಡ್ಡ ದೋಣಿ ಹಿಂದಿನ ಮಳೆಗಾಲದಲ್ಲಿ ಹೊಳೆಯ ನಡುವೆಯೇ ಮುಳುಗಿತ್ತು. ಜನರೆಲ್ಲ ಈಜಿ ಬದುಕಿಕೊಂಡರು. ಸೇತುವೆ ಹೋರಾಟ ಸಮಿತಿಯ ಮೈಕು ಸೆಟ್ಟು ಮಾತ್ರ ತಳ ಸೇರಿತು. ಸಮಿತಿಯ ಅಧ್ಯಕ್ಷ ಉಮಾನಾಥನಿಗೆ ಆ ದುಃಖ ಇನ್ನೂ ಆರಿರಲಿಲ್ಲ.

ಪಡುದಂಡೆಯ ತುದಿಮನೆಯಲ್ಲಿ ಸ್ಟ್ಯಾನಿಸ್ಲಾಸ್ ಒಬ್ಬನೇ ಇದ್ದ. ಊರಿಗೆ ಅವನು ಕಪ್ತಾನ. ಹರೆಯವನ್ನೆಲ್ಲ ಹಡಗಿನಲ್ಲಿ ಕಳೆದು, ಅಮ್ಮ ತೀರಿಕೊಂಡ ಮೇಲೆ ಊರಿಗೆ ಬಂದವನನ್ನು ಯಾರೋ ಕೇಳಿದ್ದರು, "ಇಷ್ಟು ವರ್ಷ ಎಲ್ಲಿದ್ದಿರಿ?"

"ಹಡಗಿನಲ್ಲಿ," ಎಂದಿದ್ದ. ಅದು ಅಪ್ಪಟ ಸತ್ಯ.

"ಎಂತ ಕೆಲಸ?" ಎಂದು ಕೇಳಬೇಕಾದವರ ಕಣ್ಣು ಅಷ್ಟರಲ್ಲಿ ಅವನ ಬಿಳಿ ಟೊಪ್ಪಿಗೆಗೆ, ಟೊಪ್ಪಿಯ ಮೇಲಿನ ಹೊನ್ನಬಣ್ಣದ ಲಂಗರಿನ ಬಿಲ್ಲೆಗೆ ಹೋಯಿತು. ಪ್ರಶ್ನೆ ಅಲ್ಲಿಗೇ ನಿಂತಿತು. ನಿಜದಲ್ಲಿ ಅವನು ಹಡಗಿನ ಹೊಟ್ಟೆಯೊಳಗೆ, ಕಿಟಕಿಯಿಲ್ಲದ ಕೋಣೆಯಲ್ಲಿ ಬ್ರೆಡ್ಡಿನ ಹಿಟ್ಟು ನಾದುತ್ತಿದ್ದವನು. ಅಲೆ ಏಳುವುದಕ್ಕಿಂತ ಹಿಟ್ಟು ಏಳುವುದನ್ನು ನೋಡಿದ್ದೇ ಹೆಚ್ಚು. ಅವನು ಸುಳ್ಳು ಹೇಳಿದ್ದಲ್ಲ, ಊರು ಕೇಳದೆ ಬಿಟ್ಟದ್ದು. ಕಪ್ತಾನನಾದ ಮೇಲೆ ಸಂಜೆಗೆ ಇಬ್ಬರು ಮೂವರು ಜಗಲಿಗೆ ಬಂದು ಬಿರುಗಾಳಿಯ ಕತೆ ಕೇಳುತ್ತಿದ್ದರು. ಬ್ರೆಡ್ಡಿನ ಕತೆ ಕೇಳಲು ಯಾರು ಬರುತ್ತಾರೆ?

ಹಾಯಿದೋಣಿ ಬಂದದ್ದೂ ಹೀಗೆಯೇ. ಮಣಿಪಾಲಕ್ಕೆ ಪಾಠ ಹೇಳಲು ಬಂದಿದ್ದ ಬಿಳಿಯ ಡಾಕ್ಟರೊಬ್ಬ ತನ್ನ ದೇಶಕ್ಕೆ ಮರಳುವಾಗ, ಆಸೆಯಿಂದ ಕಟ್ಟಿಸಿಕೊಂಡಿದ್ದ ಪುಟ್ಟ ಹಾಯಿದೋಣಿಯನ್ನು ಯೋಗ್ಯರಾದ ಯಾರಿಗಾದರೂ ಕೊಡಬೇಕೆಂದು ಹುಡುಕಿದ. "ನಮ್ಮಲ್ಲಿ ಕಪ್ತಾನರೇ ಇದ್ದಾರಲ್ಲ!" ಎಂದು ಊರು ಬೆರಳು ತೋರಿಸಿತು. ಡಾಕ್ಟರು ಗಾಳಿಯ ಬಗ್ಗೆ ಇಂಗ್ಲಿಷಿನಲ್ಲಿ ಏನನ್ನೋ ಕೇಳಿದ. ಸ್ಟ್ಯಾನಿಸ್ಲಾಸ್ ಆಕಾಶ ನೋಡಿ, ಬಹಳ ಹೊತ್ತು ನೋಡಿ, ತಲೆಯಾಡಿಸಿದ. ಅಷ್ಟು ಸಾಕಾಯಿತು. ಅಂದಿನಿಂದ ದೋಣಿ ಅವನ ಅಂಗಳದಲ್ಲಿ ಬೋರಲು ಬಿದ್ದಿತ್ತು, ಅದರಡಿಯಲ್ಲಿ ಕೋಳಿ ಮೊಟ್ಟೆಯಿಡುತ್ತಿತ್ತು. "ಯಾವಾಗ ಬಿಡುವುದು ಕಪ್ತಾನರೇ?" ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ:

"ಗಾಳಿ ಸರಿ ಇಲ್ಲ."

ಹೀಗೆ ಗಾಳಿಯ ಮೇಲೆ ತಪ್ಪು ಹೊರಿಸಿಕೊಂಡು ಅವನು ಸುಖವಾಗಿಯೇ ಇರಬಹುದಿತ್ತು. ಆದರೆ ಮೊಂತಿ ಹಬ್ಬ ಬಂತು.

ಮಾತೆ ಮರಿಯಮ್ಮನ ಹುಟ್ಟುಹಬ್ಬ. ಹೊಸ ತೆನೆಯ ಹಬ್ಬ. ಇಗರ್ಜಿಯಲ್ಲಿ ಪಾದ್ರಿಗಳು ತೆನೆಯನ್ನು ಹರಸಿ ಕೊಡುತ್ತಾರೆ. ಮನೆಗೆ ತಂದು, ಹೊಸ ಅಕ್ಕಿಯನ್ನು ಪಾಯಸಕ್ಕೆ ಸೇರಿಸಿ, ಮನೆಮಂದಿಯೆಲ್ಲ ಒಟ್ಟಿಗೆ ಕೂತು ಉಣ್ಣಬೇಕು. ಮೀನಿಲ್ಲ, ಮಾಂಸವಿಲ್ಲ, ಬರೀ ಪಲ್ಯ. ಆ ಪಲ್ಯಗಳೂ ಬೆಸವಾಗಿಯೇ ಇರಬೇಕು, ಮೂರೋ ಐದೋ ಏಳೋ. ಅದು ಮನೆಯವರ ಊಟ. ಪಕ್ಕದ ಮನೆಯವರನ್ನು ಕರೆಯುವ ಕ್ರಮವೂ ಇಲ್ಲ.

ಆ ವರ್ಷ ತೆನೆ ಹಂಚಲು ನಿಂತವನು ವಾಡೆಯ, ಅಂದರೆ ಇಗರ್ಜಿಗೆ ಸೇರಿದ ನಮ್ಮ ಕೇರಿಯ, ಗುರಿಕಾರ ವಲೇರಿಯನ್. ತನಗೆ ಕಿವಿ ಮಂದವಾದ ಮೇಲೆ ಲೋಕವೆಲ್ಲ ಕಿವುಡಾಗಿದೆ ಎಂದು ನಂಬಿದ ಮನುಷ್ಯ.

"ಕಪ್ತಾನರೇ! ಮನೆಯಲ್ಲಿ ಎಷ್ಟು ಮಂದಿ?"

"ಒಬ್ಬ," ಎಂದ ಸ್ಟ್ಯಾನಿಸ್ಲಾಸ್ ಮೆಲ್ಲಗೆ.

"ಎಂತ?"

"ಒಬ್ಬ."

"ಒಬ್ಬನಾ! ಬರ್ತಾ, ಕೇಳಿದೆಯಾ? ಕಪ್ತಾನರಿಗೆ ಈ ವರ್ಷವೂ ಒಬ್ಬನೇ ಊಟ!"

ವಲೇರಿಯನ್‌ನ ಹೆಂಡತಿ ಬರ್ತಾ ತಿರುಗಿದಳು. ಅವಳು ತಿರುಗಿದ್ದರಿಂದ ಸಾಲಿನಲ್ಲಿದ್ದವರೆಲ್ಲ ತಿರುಗಿದರು. ಎಲ್ಲಿಂದಲೋ ಒಂದು "ಪಾಪ" ಹೊರಟು, ಸಾಲಿನುದ್ದಕ್ಕೂ ಕೈಯಿಂದ ಕೈಗೆ ಪ್ರಸಾದದ ಹಾಗೆ ದಾಟುತ್ತ ಬಂತು. ಬಿರುಗಾಳಿಗಳನ್ನು ಗೆದ್ದ ಕಪ್ತಾನನಿಗೆ ಆ ಎರಡಕ್ಷರ ತಡೆಯಲಾಗಲಿಲ್ಲ.

"ಯಾರು ಹೇಳಿದ್ದು ಒಬ್ಬನೇ ಅಂತ?" ಎಂದುಬಿಟ್ಟ. "ನನಗೆ ಹೊಳೆ ಆಚೆ ಊಟ. ಕರೆದಿದ್ದಾರೆ."

ಇಗರ್ಜಿಯ ಅಂಗಳವೆಲ್ಲ ಅವನ ಕಡೆ ಸರಿಯಿತು. ಮೊಂತಿ ಊಟಕ್ಕೆ ಹೊರಗಿನವನನ್ನು ಕರೆದಿದ್ದಾರೆ ಎಂದರೆ, ಅವನು ಇನ್ನು ಹೊರಗಿನವನಾಗಿ ಉಳಿಯುವುದಿಲ್ಲ ಎಂದೇ ಅರ್ಥ. ಬರ್ತಾಳ ಕಣ್ಣು ಅಗಲವಾಯಿತು.

"ಹೆಣ್ಣಿನ ಮನೆಯಾ?"

ಸ್ಟ್ಯಾನಿಸ್ಲಾಸ್ ನಕ್ಕ. ಮನುಷ್ಯರು ಮಾತಾಡಿ ಕೆಟ್ಟದ್ದು ಬಹಳ ಉಂಟು. ನಕ್ಕು ಕೆಟ್ಟದ್ದು ಅದಕ್ಕಿಂತ ಹೆಚ್ಚು.

"ಈ ಪ್ರಾಯದಲ್ಲಿ! ನೋಡಿದಿರಾ? ಬಾಯಿಬಿಡದ ಮನುಷ್ಯ! ಹೋಗುವುದು ಹೇಗೆ, ಶೀನನ ದೋಣಿಯಲ್ಲಾ?"

"ಕಪ್ತಾನರು ಹೆಣ್ಣಿನ ಮನೆಗೆ ಶೀನನ ದೋಣಿಯಲ್ಲಿ ಹೋಗುವುದಾ?" ವಲೇರಿಯನ್ ಗುಡುಗಿದ. "ಸ್ವಂತ ಹಾಯಿ ಎಂತಕ್ಕೆ ಉಂಟು ಮತ್ತೆ?"

"ಗಾಳಿ..." ಎಂದು ಸ್ಟ್ಯಾನಿಸ್ಲಾಸ್ ಶುರು ಮಾಡಿದ.

"ಗಾಳಿ ಇವತ್ತು ಭಾರೀ ಲಾಯ್ಕುಂಟು ಮಾರಾಯ್ರೆ," ಎಂದ ಗೇಟಿನ ಹೊರಗೆ ನಿಂತಿದ್ದ ಶೀನ, ಉಪಕಾರ ಮಾಡುವವನ ಹಾಗೆ.

ಸ್ಟ್ಯಾನಿಸ್ಲಾಸ್ ಮನೆಗೆ ಹೋಗುವ ದಾರಿಯಲ್ಲೇ ಉಪಾಯ ಹೂಡಿದ. ಬಡಗು ಕಡೆಗೆ ಹೊಳೆ ತಿರುಗುವಲ್ಲಿ, ಉಪ್ಪುನೀರಿನಲ್ಲೇ ಬೇರು ಬಿಡುವ ಕಾಂಡ್ಲ ಗಿಡಗಳ ಒಂದು ಪೊದೆ ಉಂಟು. ಅದರ ಹಿಂದೆ ಹೋಗಿ ದೋಣಿ ನಿಲ್ಲಿಸಿದರೆ ಯಾವ ದಂಡೆಗೂ ಕಾಣುವುದಿಲ್ಲ. ಅಲ್ಲೇ ಕೂತು ತನ್ನ ಊಟ ತಾನು ಉಂಡು, ಸಂಜೆಗೆ ತೃಪ್ತಿಯ ಮುಖ ಮಾಡಿಕೊಂಡು ಬಂದರಾಯಿತು. ಊಟ ಬೆಳಿಗ್ಗೆಯೇ ತಯಾರಾಗಿತ್ತು: ಅನ್ನ, ಪಾಯಸ, ಬೆಂಡೆ ಪಲ್ಯ, ಹರಿವೆ ಪಲ್ಯ. ತೆನೆಯ ಕಾಳು ಸುಲಿದು ಪಾಯಸಕ್ಕೆ ಸೇರಿಸುವುದಷ್ಟೇ ಬಾಕಿ ಇದ್ದ ಕೆಲಸ. ಪಲ್ಯ ಎರಡಾಗಿ ಸಮವಾಯಿತು ನಿಜ. ಆದರೆ ಟಿಫಿನ್ ಕ್ಯಾರಿಯರಿನಲ್ಲಿ ಇದ್ದದ್ದೇ ನಾಲ್ಕು ಡಬ್ಬಿ. ದೇವರು ಮುಚ್ಚಳ ತೆಗೆದು ನೋಡಲಿಕ್ಕಿಲ್ಲ ಎಂದು ನಂಬಿಕೊಂಡ.

ದೋಣಿ ನೀರಿಗಿಳಿಯುವಾಗ ಪಡುದಂಡೆಯಲ್ಲಿ ಮನೆಯೊಳಗೆ ಉಳಿದವರು ಹಾಸಿಗೆ ಹಿಡಿದವರು ಮಾತ್ರ. ಕರಿ ಕೋಟು, ಬಿಳಿ ಟೊಪ್ಪಿ, ಕಂಕುಳಲ್ಲಿ ಬೈರಾಸು ವಸ್ತ್ರದಲ್ಲಿ ಸುತ್ತಿದ ಕ್ಯಾರಿಯರಿನ ಗಂಟು.

"ಹೆಣ್ಣಿಗೆ ಎಂತದೋ ತಕ್ಕೊಂಡು ಹೋಗ್ತಾರೆ," ಎಂದಳು ಬರ್ತಾ. "ಫಾರಿನ್ನಿನದ್ದು."

ಹಾಯಿ ಏರಿತು. ಏರಿದ ಕ್ಷಣಕ್ಕೇ ಪಡುವಣ ಗಾಳಿ ಅದರೊಳಗೆ ತಲೆ ತೂರಿಸಿ ದೋಣಿಯನ್ನು ದೂಡಿತು. ಸಮುದ್ರದ ನೀರು ಹೊಳೆಯೊಳಗೆ ಏರುವ ಹೊತ್ತು, ಸೆಳೆತ ಜೋರಾಗಿತ್ತು. ಗಾಳಿ ಮೂಡಕ್ಕೆ ಎಂದಿತು, ನೀರು ತೆಂಕಕ್ಕೆ ಎಂದಿತು, ಕಪ್ತಾನ ಬಡಗಕ್ಕೆ ಎಂದ. ಮೂವರಲ್ಲಿ ಇಬ್ಬರ ಮಾತು ನಡೆಯಿತು. ಚುಕ್ಕಾಣಿಯನ್ನು ಅತ್ತ ತಿರುಗಿಸಿದರೆ ದೋಣಿ ಇತ್ತ ನೋಡುತ್ತಿತ್ತು. ಕಾಂಡ್ಲ ಪೊದೆ ಕಣ್ಣೆದುರಿಗೇ ಹಿಂದೆ ಹಿಂದೆ ಸರಿಯಿತು. ಹಾಯಿ ಇಳಿಸೋಣ ಎಂದು ಹಗ್ಗ ಬಿಟ್ಟರೆ, ಕೋಳಿ ಗೂಡಿನ ಹುಲ್ಲು ಕಂಬದ ತುದಿಯ ರಾಟೆಯಲ್ಲಿ ಸಿಕ್ಕಿಕೊಂಡು ಹಾಯಿ ಕೆಳಗೆ ಬರಲೊಲ್ಲದು. ಮೂಡುದಂಡೆ ಹತ್ತಿರವಾಗುತ್ತಿತ್ತು, ಕರೆಯದವರ ಅಂಗಳ!

ಉಳಿದದ್ದು ಲಂಗರು. ಲಂಗರು ಹಾಕಲು ಒಂದು ಕ್ರಮವುಂಟು. ಮೊದಲು ಹಾಯಿ ಇಳಿಸಬೇಕು. ದೋಣಿಯ ಮೂಗನ್ನು ಸೆಳೆತಕ್ಕೆ ಎದುರಾಗಿ ಹಿಡಿಯಬೇಕು. ಲಂಗರನ್ನು ಮಗುವನ್ನು ತೊಟ್ಟಿಲಲ್ಲಿ ಮಲಗಿಸುವ ಹಾಗೆ ಮೆಲ್ಲ ಇಳಿಸಿ, ಹಗ್ಗವನ್ನು ಉದ್ದಕ್ಕೆ ಬಿಡುತ್ತ ಬರಬೇಕು. ಕಪ್ತಾನ ಇದಾವುದನ್ನೂ ಮಾಡಲಿಲ್ಲ. ಹಿಟ್ಟಿನ ಮುದ್ದೆಯನ್ನು ಹಲಗೆಗೆ ಅಪ್ಪಳಿಸುವ ಹಾಗೆ ಎರಡೂ ಕೈಯಲ್ಲಿ ಎತ್ತಿ ಎಸೆದ.

ಹಗ್ಗ ಬುಸುಗುಟ್ಟುತ್ತ ಓಡಿ ಬಿಗಿಯಿತು. ದೋಣಿ ಗಕ್ಕನೆ ನಿಂತು, ಸುತ್ತು ತಿರುಗಿತು. ಕಪ್ತಾನ ತನ್ನ ಕೋಟಿನ ಮೇಲೆ ತಾನೇ ಕೂತ. ಆಮೇಲೆ ದೋಣಿ, ಇಳಿಯದ ಹಾಯಿಗೆ ಗಾಳಿ ಬಡಿದಂತೆಲ್ಲ, ಗೂಟಕ್ಕೆ ಕಟ್ಟಿದ ಕರುವಿನ ಹಾಗೆ ಅತ್ತ ಓಡುವುದು, ಹಗ್ಗ ಜಗ್ಗಿ ಇತ್ತ ಓಡುವುದು. ಎಳೆದು ನೋಡಿದ, ಲಂಗರು ಅಲುಗಲಿಲ್ಲ. ಅದು ಹೋಗಿ ಕಚ್ಚಿಕೊಂಡದ್ದು ಬೇರೆ ಯಾವುದನ್ನೂ ಅಲ್ಲ, ನೀರಿನಡಿ ಮಲಗಿದ್ದ ಶೀನನ ಹಳೆಯ ದೋಣಿಯ ಪಕ್ಕೆಲುಬನ್ನು.

ಹೀಗೆ, ಯಾರಿಗೂ ಕಾಣದ ಜಾಗಕ್ಕೆಂದು ಹೊರಟವನು ಎರಡೂ ದಂಡೆಗೆ ಸರಿಯಾಗಿ ಕಾಣುವ ಜಾಗದಲ್ಲಿ ನೆಲೆಯಾದ.

"ಯಾಕೆ ನಿಂತರು?" ಎಂದಿತು ಪಡುದಂಡೆ.

"ನಾಚಿಕೆ," ಎಂದಳು ಬರ್ತಾ. "ಗಂಡಸರಿಗೆ ಹಾಗೆಯೇ. ಮನೆ ಹತ್ತಿರ ಬಂದಾಗ ಕಾಲು ಹಿಂದೆ ಬರುವುದು."

ಅಷ್ಟರಲ್ಲಿ ಇಗರ್ಜಿಯ ಮಧ್ಯಾಹ್ನದ ಗಂಟೆಯಾಯಿತು. ಪಾಯಸ ಆರುತ್ತದೆಂದು ಜನ ಚದುರಿದರು. ಹೊಳೆಯ ಎರಡೂ ಕಡೆ ದಂಡೆ ಬರಿದಾಯಿತು. ಪಡುದಂಡೆಯ ಮನೆಗಳಿಂದ ಊಟದ ಮುಂಚಿನ ಪ್ರಾರ್ಥನೆ ಗಾಳಿಯ ಜೊತೆ ಬಂತು; ಒಂದು ಮನೆಯದ್ದು ಮುಗಿಯುವಾಗ ಇನ್ನೊಂದರದ್ದು ಶುರು. ಎಳೆ ಮಗುವೊಂದು ಎಲ್ಲರಿಗಿಂತ ಆಮೇಲೆ "ಆಮೆನ್" ಎಂದದ್ದೂ ಕೇಳಿಸಿತು, ಅದಕ್ಕೆ ಮನೆಯವರೆಲ್ಲ ನಕ್ಕದ್ದೂ ಕೇಳಿಸಿತು. ಕಪ್ತಾನ ಟೊಪ್ಪಿ ತೆಗೆದು ಮೊಣಕಾಲ ಮೇಲಿಟ್ಟು, ಆ ಮಗುವಿಗಿಂತಲೂ ತಡವಾಗಿ ಆಮೆನ್ ಎಂದ. ಬೈರಾಸಿನ ಗಂಟು ಬಿಚ್ಚಲು ಕೈ ಹಾಕಿದ.

"ಎಂತ ಕಪ್ತಾನರೇ, ಸಿಕ್ಕಿಬಿದ್ದಿರಾ? ಎಳೆದುಕೊಡಬೇಕಾ?"

ಶೀನ! ದೋಣಿ ಹತ್ತಿರವೇ ಬಂದಿತ್ತು. ಕಪ್ತಾನ ಗಂಟನ್ನು ಕೋಟಿನಡಿಗೆ ತಳ್ಳಿ ಟೊಪ್ಪಿ ಹಾಕಿಕೊಂಡ. ಒಂದು "ಹೌದು" ಎಂದಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಎಳೆದರೆ ಮೂಡುದಂಡೆಗೆ ಒಯ್ಯುತ್ತಾನೆ. ಯಾರ ಮನೆಗೆ ಎಂದು ಕೇಳುತ್ತಾನೆ.

"ಬೇಡ, ಬೇಡ. ನಾನು ಬೇಕೂಂತಲೇ ನಿಂತದ್ದು."

"ಇಲ್ಲಿ? ನನ್ನ ದೋಣಿ ಮುಳುಗಿದಲ್ಲಿ?"

"ಹೌದು. ಇಲ್ಲಿಯೇ."

"ಊಟ?"

"ಊಟ ಎಲ್ಲ ಆಮೇಲೆ."

ಶೀನ ಹುಟ್ಟು ಹಾಕುವುದನ್ನೂ ಮರೆತು ಅವನನ್ನೇ ನೋಡಿದ. ಆಮೇಲೆ ಪಡುದಂಡೆಗೆ ಹೋಗಿ, ಕೇಳಿದ್ದನ್ನು ಒಂದಕ್ಷರ ಬದಲಿಸದೆ ಉಮಾನಾಥನಿಗೆ ಹೇಳಿದ. ಲೋಕದಲ್ಲಿ ಆಗುವ ಅನಾಹುತಗಳಲ್ಲಿ ಅರ್ಧ, ಹೀಗೆ ಇದ್ದದ್ದನ್ನು ಇದ್ದ ಹಾಗೆ ಹೇಳುವವರಿಂದಲೇ ಆಗುವುದು.

ಉಮಾನಾಥ ಸೇತುವೆ ಹೋರಾಟ ಸಮಿತಿಯ ಅಧ್ಯಕ್ಷ. ಕಾರ್ಯದರ್ಶಿ ಸಿಗದ್ದರಿಂದ ಕಾರ್ಯದರ್ಶಿಯೂ ಅವನೇ. ಅವನದ್ದು ಮೊಂತಿ ಹಬ್ಬವಲ್ಲ; ಊಟ ಮುಗಿಸಿ ಮಲಗುವವನಿದ್ದ. ಎದ್ದು ಕೂತ.

"ದೋಣಿ ಮುಳುಗಿದ ಜಾಗದಲ್ಲಿಯೇ? ಬೇಕೂಂತಲೇ? ಊಟ ಆಮೇಲೆ? ಶೀನಾ, ನಿನಗೆ ಅರ್ಥ ಆಗಲಿಲ್ವಾ? ಉಪವಾಸ! ಹೆಣ್ಣಿನ ಮನೆಗೆ ಅಂತ ನಮ್ಮನ್ನೆಲ್ಲ ನಂಬಿಸಿ, ಸೇತುವೆಗೋಸ್ಕರ ನಡುನೀರಿನಲ್ಲಿ ಉಪವಾಸ ಕೂತ ಮಹಾನುಭಾವ!"

ಅವನ ಕಣ್ಣಲ್ಲಿ ನೀರು ಬಂತು. ಒಂದು ಗಳಿಗೆಯಲ್ಲಿ ದಂಡೆಯ ಮೇಲೆ ಕೆಂಪು ಬಟ್ಟೆಯ ಬ್ಯಾನರು, ಹೊಸ ಮೈಕು, ಮೈಕಿನ ಮುಂದೆ ಉಮಾನಾಥ. ಊಟ ಮುಗಿಸಿದ ಜನ ಕೈ ಒರಸಿಕೊಳ್ಳುತ್ತ ಓಡಿ ಬಂದರು.

"ಹೊಟ್ಟೆ ತುಂಬಿಸಿಕೊಂಡು ಬಂದ ನಾವು ಎಲ್ಲಿ! ಹಬ್ಬದ ದಿವಸ ಒಂದು ಅಗುಳೂ ಮುಟ್ಟದ ಕಪ್ತಾನರು ಎಲ್ಲಿ!" ಉಮಾನಾಥನ ದನಿ ಗಾಳಿಯ ಬೆನ್ನೇರಿ ಸ್ಪಷ್ಟವಾಗಿ ದೋಣಿಗೆ ತಲುಪಿತು. ಕ್ಯಾರಿಯರಿನ ಮುಚ್ಚಳ ಅರ್ಧ ತೆಗೆದಿದ್ದ ಕಪ್ತಾನ ಅದನ್ನು ಮತ್ತೆ ಮುಚ್ಚಿದ.

"ನಾನು ಎಂಥ ಪಾಪಿ," ಎಂದು ಬರ್ತಾ ಅತ್ತಳು. "ಹೆಣ್ಣು ಅಂದೆನಲ್ಲ!"

"ನನಗೆ ಮೊದಲೇ ಗೊತ್ತಿತ್ತು," ಎಂದ ವಲೇರಿಯನ್, ಏನು ನಡೆದಿದೆ ಎಂದು ಇನ್ನೂ ಕೇಳಿಸಿಕೊಳ್ಳದೆ.

ಯಾರೋ ಸೈಕಲ್ಲಿನಲ್ಲಿ ಹೋಗಿ ಫೋನು ಮಾಡಿದರು. ರಜೆಯ ನಿದ್ದೆಯಿಂದ ಎದ್ದ ರೆವಿನ್ಯೂ ಇನ್‌ಸ್ಪೆಕ್ಟರರು, ಶರಟಿನ ಗುಂಡಿ ಒಂದು ಮೇಲೆ ಒಂದು ಕೆಳಗೆ ಹಾಕಿಕೊಂಡು, ಶೀನನ ದೋಣಿಯಲ್ಲಿ ಬಂದಿಳಿದರು. ದಾಟುವಾಗ ಕಪ್ತಾನನ ಪಕ್ಕದಲ್ಲಿಯೇ ಹಾದರು. ಆದರೆ ಉಪವಾಸ ಕೂತವರ ಹತ್ತಿರ ಮೇಲಿನವರ ಅಪ್ಪಣೆಯಿಲ್ಲದೆ ಮಾತಾಡಬಾರದು ಎಂದು ಮುಖ ಆಚೆ ತಿರುಗಿಸಿದ್ದರು. ದಂಡೆಗೆ ಬಂದ ಮೇಲೆ ಮೈಕು ಹಿಡಿದರು.

"ಕಪ್ತಾನರೇ! ಇಂಥದ್ದಕ್ಕೆ ಮುಂಚಿತ ತಿಳಿವಳಿಕೆ ಕೊಡಬೇಕು. ಇವತ್ತು ರಜೆ ಅಲ್ವಾ? ಇರಲಿ. ನಿಮ್ಮ ಬೇಡಿಕೆ ಎಂತ? ನೀವೇ ಬಾಯಿಬಿಟ್ಟು ಹೇಳಿ. ಮೇಲಿನವರಿಗೆ ತಿಳಿಸುತ್ತೇನೆ."

ದಂಡೆಯಿಡೀ ದೋಣಿಯ ಕಡೆ ಕಿವಿ ಚಾಚಿತು.

ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಒಬ್ಬರು ಸ್ಟ್ಯಾನಿಸ್ಲಾಸನನ್ನು ನಿನಗೆ ಬೇಕಾದದ್ದು ಎಂತ ಎಂದು ಕೇಳಿದ್ದರು, ಅದೂ ಮೈಕಿನಲ್ಲಿ. ಅವನು ಎದ್ದು ನಿಂತು ಹಾಯಿಕಂಬವನ್ನು ತಬ್ಬಿ ಹಿಡಿದ. ಬೆಳಗಿನಿಂದ ಹೊಟ್ಟೆಗಿಲ್ಲ, ದೋಣಿ ತೂಗಿ ತೂಗಿ ತಲೆ ತಿರುಗುತ್ತಿತ್ತು. ಸಾಕಾಗಿತ್ತು.

"ನನ್ನನ್ನು ಯಾರೂ ಕರೆಯಲಿಲ್ಲ ಮಾರಾಯ್ರೆ!" ಎಂದು ಕೂಗಿದ. "ಹೊಳೆ ಆಚೆ ನನಗೆ ಯಾರೂ ಇಲ್ಲ! ನನ್ನ ಊಟ ಇಲ್ಲಿಯೇ ಉಂಟು, ಒಬ್ಬನೇ ಉಣ್ಣಲಿಕ್ಕೆ ಮನಸ್ಸಿಲ್ಲ! ನಾನು ಕಪ್ತಾನನೂ ಅಲ್ಲ! ಬ್ರೆಡ್ಡು ಮಾಡುವವ!"

ಆದರೆ ಗಾಳಿ ಪಡುವಣದ್ದು. ಪಡುದಂಡೆಯ ಮಾತನ್ನು ದೋಣಿಗೆ ತಲುಪಿಸಿದ ಅದೇ ಗಾಳಿ, ದೋಣಿಯ ಮಾತನ್ನು ಬಾಯಿಂದ ಹೊರಟ ಹಾಗೆಯೇ ಎತ್ತಿಕೊಂಡು ಮೂಡಕ್ಕೆ ಹೋಯಿತು. ಪಡುದಂಡೆಗೆ ಕಂಡದ್ದು ತೆರೆದ ಬಾಯಿ, ಮೇಲಕ್ಕೆತ್ತಿದ ಕೈ, ಕೆನ್ನೆಯ ಮೇಲಿನ ನೀರು.

"ಎಂತ ಹೇಳಿದರು?" ಎಂದರು ಇನ್‌ಸ್ಪೆಕ್ಟರರು.

"ಪ್ರಾಣ ಹೋದರೂ ಸರಿ, ಸೇತುವೆ ಬೇಕು ಅಂದರು," ಎಂದ ಉಮಾನಾಥ. ದಂಡೆಯಿಡೀ ಚಪ್ಪಾಳೆ ತಟ್ಟಿತು.

ಚಪ್ಪಾಳೆ ನಿಲ್ಲುವ ಮೊದಲೇ ನೀರು ತಿರುಗಿತು. ಏರಿದ್ದು ಇಳಿಯಲು ಹೊರಟಿತು. ದೋಣಿ ತನ್ನ ಲಂಗರಿನ ಸುತ್ತ ಅರ್ಧ ಸುತ್ತು ಬಂದು, ಇಷ್ಟು ಹೊತ್ತು ಎಳೆದ ದಿಕ್ಕಿಗೆ ವಿರುದ್ಧವಾಗಿ ಹಗ್ಗವನ್ನು ಜಗ್ಗಿತು. ನೀರಿನಡಿಯಲ್ಲಿ ಏನೋ ಮುರಿಯಿತು. ಕಪ್ತಾನನ ಬಲಕ್ಕೆ ಅಲುಗದಿದ್ದ ಲಂಗರು ತಾನಾಗಿಯೇ ಬಿಟ್ಟುಕೊಂಡಿತು. ಗಾಳಿ ಕಾದು ಕೂತಿದ್ದ ಹಾಗೆ ಹಾಯಿಯನ್ನು ತುಂಬಿ, ಅವನನ್ನು ನೆಟ್ಟಗೆ ಮೂಡುದಂಡೆಗೆ ಒಯ್ದಿತು.

"ಹೋರಾಟವನ್ನು ಆಚೆ ದಡಕ್ಕೆ ಒಯ್ಯುತ್ತಿದ್ದಾರೆ!" ಎಂದು ಮೈಕು ಕೂಗಿತು.

ಮೂಡುದಂಡೆಯ ಒಂದು ಕಡವಿನಲ್ಲಿ ತೆರೆಸಾಬಾಯಿ ಪಾತ್ರೆ ತೊಳೆಯುತ್ತಿದ್ದಳು. ಇಗರ್ಜಿಯಲ್ಲಿ ಮೊದಲ ಸಲ ಪರಮಪ್ರಸಾದ ಪಡೆಯುವ ಕುರ್ಪೋನ್ಸಿನ ಮಕ್ಕಳಿಗೆ ಬಿಳಿ ಫ್ರಾಕು ಹೊಲಿಯುವ ದರ್ಜಿ. ಹಬ್ಬದ ದಿನವೂ ಕೊರಳಲ್ಲಿ ಅಳತೆ ಟೇಪು. ದೋಣಿ ಅವಳ ಕಡೆಗೇ ಬಂತು. ಅವಳು ಸೆರಗು ಸಿಕ್ಕಿಸಿ ನೀರಿಗಿಳಿದು ದೋಣಿಯ ಮೂಗು ಹಿಡಿದಳು. ಕಪ್ತಾನ ಇನ್ನೂ ಕಂಬವನ್ನು ತಬ್ಬಿಕೊಂಡೇ ಇದ್ದ.

"ಇಳಿಯಿರಿ. ಮೊಣಕಾಲು ನೀರು."

ಇಳಿದ.

"ನೀವು ಅಲ್ಲಿ ಹೇಳಿದ್ದು ಇಲ್ಲಿಗೆ ಕೇಳಿತು," ಎಂದಳು.

"ಎಷ್ಟು ಕೇಳಿತು?"

"ಎಲ್ಲ."

ಅವನು ತಿರುಗಿ ಪಡುದಂಡೆಯನ್ನು ನೋಡಿದ. "ಅಲ್ಲಿಗೆ?"

"ಗಾಳಿ ಈಚೆ ಬೀಸುವುದಲ್ವಾ? ಅಲ್ಲಿಗೆ ಎಂತ ಕೇಳ್ತದೆ? ನನಗೆ ಮಾತ್ರ ಕೇಳಿತು. ಬನ್ನಿ, ನನ್ನದೂ ಊಟ ಆಗಲಿಲ್ಲ. ಒಬ್ಬಳೇ ಕೂತು ಉಂಡರೆ ಹಬ್ಬ ಮುಗಿದೇಹೋಗ್ತದೆ ಅಂತ ಪಾತ್ರೆ ತೊಳೀತಾ ಇದ್ದೆ."

ಅವಳ ಮನೆಯಲ್ಲಿ ಒಂದು ಮಣೆ ಇತ್ತು. ಇನ್ನೊಂದನ್ನು ಹೊಲಿಗೆ ಮಿಷಿನಿನ ಅಡಿಯಿಂದ ಎಳೆದು ಧೂಳು ಒರಸಿದಳು. ಒಲೆಯ ಮೇಲೆ ಒಂದೇ ಪಲ್ಯ, ಸೌತೆಕಾಯಿಯದ್ದು.

"ಒಬ್ಬಳಿಗೆ ಮೂರು ಮೂರು ಪಲ್ಯ ಯಾರು ಮಾಡ್ತಾರೆ? ಒಂದು ಸಹ ಬೆಸವೇ ಅಲ್ವಾ ಅಂತ ಸಮಾಧಾನ ಮಾಡಿಕೊಂಡೆ. ನಿಮ್ಮ ಕ್ಯಾರಿಯರಿನಲ್ಲಿ ಎಷ್ಟು?"

"ಎರಡು," ಎಂದ ಸ್ಟ್ಯಾನಿಸ್ಲಾಸ್, ಪಾದ್ರಿಗಳ ಮುಂದೆ ಪಾಪ ಒಪ್ಪಿಕೊಳ್ಳಲು ಕುಂಪ್ಸಾರಿಗೆ ಕೂತವನ ಹಾಗೆ.

ತೆರೆಸಾಬಾಯಿ ಬೆರಳು ಮಡಚಿ ನೋಡಿ ನಕ್ಕಳು. "ಮೂರಾಯಿತಲ್ಲ. ಕೂತುಕೊಳ್ಳಿ."

ಇಬ್ಬರೂ ಪ್ರಾರ್ಥನೆ ಹೇಳಿದರು. ಆಮೆನ್ ಈ ಸಲ ಸರಿಯಾದ ಹೊತ್ತಿಗೇ ಬಂತು. ಪಾಯಸ ಬಡಿಸುತ್ತ ಅವಳು ಕೇಳಿದಳು:

"ಅಲ್ಲ, ಹಡಗು ಹೀಗೆ ತೂಗುವಾಗ ಬ್ರೆಡ್ಡು ಉಬ್ಬುವುದು ಹೇಗೆ?"

ಸ್ಟ್ಯಾನಿಸ್ಲಾಸನ ಕೈ ಬಾಯಿಯ ಹತ್ತಿರವೇ ನಿಂತಿತು. ಆಮೇಲೆ ಅವನು ಹೇಳತೊಡಗಿದ. ಅನ್ನ ಆರಿತು.

ಸಂಜೆ ಶೀನನ ದೋಣಿಯಲ್ಲಿ ಅವನು ಮರಳಿದಾಗ ಪಡುದಂಡೆಯಲ್ಲಿ ಹೂಮಾಲೆ ಕಾದಿತ್ತು. ಇನ್‌ಸ್ಪೆಕ್ಟರರು ಲಿಂಬೆ ಶರಬತ್ತಿನ ಗ್ಲಾಸು ಹಿಡಿದು ನಿಂತಿದ್ದರು. ಸೇತುವೆಯ ವಿಷಯ ಪರಿಶೀಲನೆಯಲ್ಲಿದೆ ಎಂದು ಮೈಕಿನಲ್ಲಿ ಹೇಳಿಯೂ ಆಗಿತ್ತು.

"ನನ್ನ ಊಟ ಆಯಿತು," ಎಂದ ಸ್ಟ್ಯಾನಿಸ್ಲಾಸ್.

"ಆಯಿತು, ಆಯಿತು, ಕುಡಿಯಿರಿ," ಎಂದು ಉಮಾನಾಥ ಗ್ಲಾಸನ್ನು ಬಾಯಿಗೇ ಹಿಡಿದ. ತುಂಬಿದ ಹೊಟ್ಟೆಯ ಮೇಲೆ ಕಪ್ತಾನ ಉಪವಾಸ ಬಿಟ್ಟ. ಜನ ಜಯಕಾರ ಹಾಕಿದರು.

ಬರ್ತಾ ಮಾತ್ರ ಹತ್ತಿರ ಬಂದು ಮೆಲ್ಲ ಕೇಳಿದಳು, "ನಿಜವಾಗಿ ಊಟ ಆಯಿತಾ? ಎಲ್ಲಿ?"

"ಹೊಳೆ ಆಚೆ," ಎಂದ. "ಕರೆದಿದ್ದಾರೆ."

ಬೆಳಿಗ್ಗೆ ಹೇಳಿದ್ದೂ ಅದೇ ಮಾತು. ಬೆಳಿಗ್ಗೆ ನಂಬಿದ್ದ ಬರ್ತಾ ಈಗ ನಂಬಲಿಲ್ಲ. "ಪಾಪ, ತಲೆ ತಿರುಗಿದೆ," ಎಂದಳು.

ಆಮೇಲೆ ಅವನ ಜಗಲಿಗೆ ಸಂಜೆ ಬರುವವರು ಕಡಿಮೆಯಾದರು. ಊರಿಗಾಗಿ ನಡುನೀರಿನಲ್ಲಿ ಉಪವಾಸ ಕೂತವರ ಹತ್ತಿರ ಕಾಲು ಚಾಚಿ ಕೂತು ಬಿರುಗಾಳಿಯ ಕತೆ ಕೇಳುವುದು ಹೇಗೆ? ದೂರದಿಂದಲೇ ಕೈ ಮುಗಿದು ಹೋಗುತ್ತಿದ್ದರು. ಅಂಗಳದಲ್ಲಿ ದೋಣಿಯಿದ್ದ ಕಡೆ ಅದರಾಕಾರದ ಬೋಳು ನೆಲವಿತ್ತು. ಅದರ ನಡುವೆ ಕೋಳಿ ದಿಕ್ಕು ತೋಚದೆ ನಿಲ್ಲುತ್ತಿತ್ತು. ದೋಣಿ ಇನ್ನೂ ಮೂಡುದಂಡೆಯ ಕಡವಿನಲ್ಲಿಯೇ ಇತ್ತು. ಲಂಗರಿನ ಹಗ್ಗವನ್ನು ತೆರೆಸಾಬಾಯಿಯ ತೆಂಗಿನ ಬುಡಕ್ಕೆ ಸುತ್ತಿ ಕಟ್ಟಿದ್ದರು.

ಭಾನುವಾರ ಭಾನುವಾರ ಅವನು ಟಿಫಿನ್ ಕ್ಯಾರಿಯರು ಹಿಡಿದು ಶೀನನ ದೋಣಿ ಹತ್ತುತ್ತಿದ್ದ, ದೋಣಿ ನೋಡಿ ಬರುತ್ತೇನೆಂದು. ಶೀನ ಹುಟ್ಟು ಹಾಕುತ್ತ ಪ್ರತಿ ಸಲವೂ ಕೇಳುತ್ತಿದ್ದ:

"ಅದನ್ನು ಈಚೆ ತರುವುದು ಯಾವಾಗ ಕಪ್ತಾನರೇ?"

ಸ್ಟ್ಯಾನಿಸ್ಲಾಸ್ ಆಕಾಶ ನೋಡುತ್ತಿದ್ದ, ಬಹಳ ಹೊತ್ತು ನೋಡುತ್ತಿದ್ದ.

"ಗಾಳಿ ಸರಿ ಇಲ್ಲ."